ಹದಿನೈದು ಸಾವಿರದಲ್ಲಿ ಹಳೇ ಪಿಸಿ: ಎಲ್ಲಿ ತಡವರಿಸುತ್ತಿತ್ತು, ಏನು ಬದಲಾಯಿಸಿದೆ

ನಮ್ಮ ಮನೆಯ ಪಿಸಿ 2015ರದ್ದು. ಇಂಟೆಲ್ ಕೋರ್ ಐ5-4460, ಎಚ್81 ಚಿಪ್‌ಸೆಟ್‌ನ ಸಾದಾ ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಎನ್‌ವಿಡಿಯಾ ಜಿಟಿಎಕ್ಸ್ 750 ಟಿಐ ಕಾರ್ಡ್. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಅಸೆಂಬಲ್ ಮಾಡಿಸಿದ್ದು. ಜಿಟಿಎ 5 ಅನ್ನೋ ಆಟ ಪಿಸಿಗೆ ಬಂದ ವರ್ಷ ಅದು. ರೂಮಿನಲ್ಲಿ ಅದನ್ನು ನೋಡೋಕೇ ಜನ ಬರುತ್ತಿದ್ದರು. ಈಗ ಚಿಕ್ಕಮಗಳೂರಿನ ಮನೆಯಲ್ಲಿ ಆ ಪಿಸಿಯನ್ನು ನನಗಿಂತ ಜಾಸ್ತಿ ಬಳಸೋದು ಅಕ್ಕನ ಮಗ.

ಅವನದು ಒಂದೇ ದೂರು. "ಮಾಮ, ಲ್ಯಾಗ್ ಹೊಡೀತಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸು."

ಹೊಸ ಪಿಸಿಯ ಯೋಚನೆ ಬಂದಿರಲಿಲ್ಲ ಅಂತಲ್ಲ. ಆದರೆ ಈ ಬೋರ್ಡಿನಲ್ಲಿ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಮಾತ್ರ ಕೂರುತ್ತದೆ. ಅದಕ್ಕಿಂತ ಹೊಸದು ಬೇಕೆಂದರೆ ಬೋರ್ಡೂ ಹೊಸದು, ರ‍್ಯಾಮೂ ಹೊಸದು. ರ‍್ಯಾಮ್ ಬೆಲೆಯೋ, 2025ರ ಕೊನೆಯ ಹೊತ್ತಿಗೆ ಕೈಗೆ ಸಿಗದಷ್ಟು ಮೇಲೆ ಹೋಗಿತ್ತು. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಚಿಪ್‌ಗಳು ಹೋಗುತ್ತಿವೆ. ನಮ್ಮಂಥವರು ಕೊಳ್ಳುವ ಕ್ರೂಷಿಯಲ್ ಬ್ರಾಂಡಿನ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಹಾಗಾಗಿ ಹಳೆಯದರಲ್ಲೇ ಏನಾಗುತ್ತೋ ನೋಡೋಣ ಅಂತ ಹದಿನೈದು ಸಾವಿರ ಎತ್ತಿಟ್ಟೆ. ಅಮ್ಮ ಕೇಳಿದ್ದು ಇಷ್ಟೇ: "ಆ ಡಬ್ಬಕ್ಕೆ ಇನ್ನೂ ದುಡ್ಡು ಸುರಿಯೋದೇನೋ?"

ದುಡ್ಡು ಸುರಿಯೋ ಮೊದಲು ಕಾಯಿಲೆ ಯಾವುದು ಅಂತ ಗೊತ್ತಾಗಬೇಕಲ್ವಾ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿದೆ, ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಎರಡೂ ಪುಕ್ಕಟೆ. ಆಟ ನಡೆಯುವಾಗಲೇ ಪರದೆಯ ಮೂಲೆಯಲ್ಲಿ ಎಲ್ಲ ಅಂಕಿಗಳೂ ಓಡುತ್ತಿರುತ್ತವೆ. ಎಲ್ಲರೂ ನೋಡೋದು ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ ಅನ್ನೋದು. ಕೌಂಟರ್-ಸ್ಟ್ರೈಕ್ 2ರಲ್ಲಿ ನಮ್ಮದು ಸರಾಸರಿ 60ರ ಮೇಲೇ ತೋರಿಸುತ್ತಿತ್ತು. ನಮ್ಮ ಮಾನಿಟರ್ ಇರೋದೇ 60 ಹರ್ಟ್ಸ್‌ನದು, ಅಂದಮೇಲೆ ಅಷ್ಟು ಸಾಕು. ಆದರೂ ಹುಡುಗ ಹೇಳೋದು ಸುಳ್ಳಲ್ಲ. ಆಟ ಗಕ್ಕಂತ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಅಷ್ಟರಲ್ಲಿ ಆಟದಲ್ಲಿ ಅವನು ಸತ್ತಿರುತ್ತಿದ್ದ.

ಆ ನಿಲ್ಲೋದು ಕಾಣೋದು ಫ್ರೇಮ್ ಟೈಮ್ ಗೆರೆಯಲ್ಲಿ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ. ನಮ್ಮ ಗೆರೆ ನೇರವಾಗಿ ಹೋಗುತ್ತಾ ಇದ್ದಕ್ಕಿದ್ದಂತೆ 200, 300 ಮಿಲಿಸೆಕೆಂಡ್‌ಗೆ ಜಿಗಿಯುತ್ತಿತ್ತು. ಜಿಗಿದ ಕ್ಷಣದಲ್ಲಿ ಉಳಿದ ಅಂಕಿಗಳು ಏನು ಹೇಳುತ್ತಿವೆ ಅಂತ ನೋಡಿದೆ. ಪ್ರೊಸೆಸರಿನ ನಾಲ್ಕೂ ಕೋರ್ 100 ಪರ್ಸೆಂಟ್, ಬಿಸಿ 97 ಡಿಗ್ರಿ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪರ್ಸೆಂಟ್. ರ‍್ಯಾಮ್ ಭರ್ತಿ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಆ ಹೊತ್ತಿಗೆ ಅರ್ಧ ಕೆಲಸವೂ ಇಲ್ಲದೆ ಕಾಯುತ್ತಾ ಕೂತಿತ್ತು. ಹುಡುಗನಿಗೆ ತೋರಿಸಿದೆ. "ಕಾರ್ಡು ಕೊನೆಗೆ. ಮೊದಲು ಉಳಿದಿದ್ದು." ಮುಖ ಸಣ್ಣ ಮಾಡಿಕೊಂಡ.

ಶುರು ಮಾಡಿದ್ದು ಸ್ಕ್ರೂಡ್ರೈವರಿನಿಂದ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದರೆ, ಪ್ರೊಸೆಸರ್ ಫ್ಯಾನು ಮೇಲ್ನೋಟಕ್ಕೆ ಅಷ್ಟೇನೂ ಕೊಳೆ ಕಾಣಲಿಲ್ಲ. ಕೊಳೆ ಇದ್ದದ್ದು ಫ್ಯಾನಿನ ಕೆಳಗೆ. ಇಂಟೆಲ್ ಕೊಡೋ ಕೂಲರಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಗೂಟಗಳಿವೆ, ತಲೆಯ ಮೇಲೆ ಬಾಣದ ಗುರುತಿದೆ. ಬಾಣದ ಕಡೆಗೆ ತಿರುಗಿಸಿ ಮೇಲಕ್ಕೆ ಎಳೆದರೆ ಬಿಡುತ್ತವೆ. ಒಂದು ಸಲ ಆಟ ಆಡಿಸಿ ಬಿಸಿ ಮಾಡಿ, ಆಫ್ ಮಾಡಿ ವೈರ್ ಕಿತ್ತು, ಬೆಚ್ಚಗಿರುವಾಗಲೇ ತೆಗೆಯೋದು ಒಳ್ಳೇದು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸೋಕೆ ನಡುವೆ ಹಚ್ಚಿರೋ, ಒಣಗಿದ ಪೇಸ್ಟ್ ಸಡಿಲ ಆಗಿರುತ್ತದೆ. ಸುಮ್ನೆ ಎಳೆದಾಡಬಾರದು, ಸ್ವಲ್ಪ ಆ ಕಡೆ ಈ ಕಡೆ ಹೊರಳಿಸಿ ಎತ್ತಬೇಕು.

ಫ್ಯಾನನ್ನು ಬೇರೆ ಮಾಡಿ ನೋಡಿದಾಗ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೂದು ಬಣ್ಣದ ಕಂಬಳಿ. ಹತ್ತು ವರ್ಷದ ಧೂಳು, ಬೆಕ್ಕಿನ ಕೂದಲು, ಮಳೆಗಾಲದ ತೇವ ಎಲ್ಲ ಸೇರಿ ಒತ್ತಿಕೊಂಡಿತ್ತು. ಉಗುರಲ್ಲಿ ಎತ್ತಿದರೆ ಇಡೀ ಪದರವೇ ಬಂತು. ಅಮ್ಮ ಪಕ್ಕದಲ್ಲೇ ನಿಂತು, "ದಿಂಬು ತುಂಬಿಸ್ಬೋದಿತ್ತಲ್ಲೋ" ಅಂದರು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ. ಪ್ರೊಸೆಸರಿನ ಮೇಲಿನ ಪೇಸ್ಟ್ ಸುಣ್ಣದ ಪುಡಿಯಾಗಿತ್ತು. ಮೆಡಿಕಲ್ ಶಾಪಿನಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ. ಪ್ರೊಸೆಸರಿನ ಹೆಸರು ಓದುವಷ್ಟು ಸ್ವಚ್ಛವಾಯಿತು. ನಡುವೆ ಬಟಾಣಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು, ಗೂಟಗಳನ್ನು ಎದುರು ಬದುರು ಮೂಲೆಯ ಕ್ರಮದಲ್ಲಿ ಒತ್ತಿದೆ. ಒಂದೊಂದಕ್ಕೂ ಟಕ್ ಅನ್ನೋ ಶಬ್ದ ಬರಬೇಕು. ಬೋರ್ಡಿನ ಹಿಂದೆ ಟಾರ್ಚ್ ಹಾಕಿ ನಾಲ್ಕೂ ಕಾಲು ಪೂರ್ತಿ ಹೊರಬಂದಿವೆಯಾ ನೋಡಬೇಕು. ಒಂದು ಅರ್ಧ ಕೂತರೂ ಕೂಲರ್ ವಾಲುತ್ತದೆ.

ಮತ್ತೆ ಅದೇ ಆಟ, ಅದೇ ಮ್ಯಾಪ್. 97 ಇದ್ದದ್ದು 72 ಡಿಗ್ರಿಗೆ ಬಂತು. ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದು ನಿಂತಿತು. ಪೇಸ್ಟ್, ಆಲ್ಕೋಹಾಲ್ ಎರಡೂ ಸೇರಿ 350 ರೂಪಾಯಿ. ಹುಡುಗನಿಗೆ ಆಗಲೂ ಪೂರ್ತಿ ಸಮಾಧಾನ ಆಗಲಿಲ್ಲ. ಗೆರೆ ಇನ್ನೂ ಜಿಗಿಯುತ್ತಿತ್ತು, ಡಿಸ್ಕ್ ಕಾರಣಕ್ಕೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ, ಡಿಸ್ಕಿನ ಆರೋಗ್ಯ ಹೇಳೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಹಾರ್ಡ್‌ಡಿಸ್ಕ್ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿತ್ತು. ರೀಅಲೊಕೇಟೆಡ್ ಸೆಕ್ಟರ್ ಅನ್ನೋ ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಅಂಕಿ ಏರಿತ್ತು. ಡಿಸ್ಕಿನ ಕೆಲವು ಜಾಗ ಕೆಟ್ಟು, ಬೇರೆ ಜಾಗಕ್ಕೆ ಬದಲಾಯಿಸಿಕೊಂಡಿದೆ ಅಂತ ಅರ್ಥ. ಆಟದ ಮಾತು ಬಿಟ್ಟು ಮೊದಲು ಅಕ್ಕನ ಮದುವೆ ಫೋಟೋ, ತೋಟದ ಕಾಗದದ ಸ್ಕ್ಯಾನ್ ಎಲ್ಲ ಬೇರೆ ಕಡೆಗೆ ಕಾಪಿ ಮಾಡಿದೆ.

ಎಚ್81 ಬೋರ್ಡುಗಳಲ್ಲಿ ಈಗಿನ ಲ್ಯಾಪ್‌ಟಾಪ್‌ಗಳಲ್ಲಿರೋ ಎಂ.2 ಜಾಗ (ಚಪ್ಪಟೆ ಎಸ್‌ಎಸ್‌ಡಿ ಕೂರಿಸೋ ಸ್ಲಾಟ್) ಇರೋದಿಲ್ಲ. ಹಾಗಾಗಿ ಸಾಟಾ ಕೇಬಲ್ಲಿಗೆ ಸಿಕ್ಕಿಸೋ 2.5 ಇಂಚಿನ ಎಸ್‌ಎಸ್‌ಡಿ, ಅಂದರೆ ತಿರುಗೋ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್. 500 ಜಿಬಿಯದಕ್ಕೆ 3,400 ಕೊಟ್ಟೆ. ಒಂದು ವಿಷಯ ಗಮನಿಸಬೇಕು. ಈ ಚಿಪ್‌ಸೆಟ್‌ನಲ್ಲಿ ಸಾಟಾ ಪೋರ್ಟು ನಾಲ್ಕಿದ್ದರೂ ಪೂರ್ತಿ ವೇಗದ 6 ಗಿಗಾಬಿಟ್ ಎರಡಕ್ಕೆ ಮಾತ್ರ, ಉಳಿದೆರಡು 3 ಗಿಗಾಬಿಟ್. ಯಾವುದು ಯಾವುದು ಅಂತ ಬೋರ್ಡಿನ ಪುಸ್ತಕದಲ್ಲಿದೆ. ವಿಂಡೋಸ್ ಹಳೆಯದನ್ನೇ ಕ್ಲೋನ್ ಮಾಡದೆ ಹೊಸದಾಗಿ ಹಾಕಿದೆ. ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತುಕೊಂಡು ಹೋಗೋದು ಯಾಕೆ? ಹಳೇ ಡಿಸ್ಕ್ ಈಗಲೂ ಕ್ಯಾಬಿನೆಟ್ಟಿನಲ್ಲಿದೆ, ಕಳೆದುಹೋದರೂ ಪರವಾಗಿಲ್ಲ ಅನ್ನೋ ಸಿನಿಮಾ ಇಡೋಕೆ.

ರ‍್ಯಾಮ್ ಕಥೆಗೆ ಸ್ವಲ್ಪ ಮಲೆನಾಡಿನ ಮಳೆಯೂ ಸೇರಿದೆ. ಜೂನ್ ಕಳೆದು ಜುಲೈ ಬಂದರೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಪ್ರತಿ ಮಳೆಗಾಲದಲ್ಲೂ ಈ ಪಿಸಿ ಒಂದು ದಿನ ಆನ್ ಆಗೋದಿಲ್ಲ, ಬೀಪ್ ಬೀಪ್ ಅನ್ನುತ್ತದೆ. ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ತೇವಕ್ಕೆ ಕೂತ ಪದರ ಅದು. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಒಂದರ್ಧ ಗಂಟೆ ಆನ್ ಮಾಡಿಟ್ಟರೆ ಒಳಗೆ ಬೆಚ್ಚಗಿದ್ದು ಈ ಕಾಟ ಕಡಿಮೆ.

ನಮ್ಮಲ್ಲಿದ್ದದ್ದು 8 ಜಿಬಿಯ ಒಂದೇ ಕಡ್ಡಿ. ಎರಡನೇ ಸ್ಲಾಟ್ ಅಷ್ಟೂ ವರ್ಷ ಖಾಲಿ. ಡಿಡಿಆರ್3-1600 ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಸಾಗಿಸುತ್ತದೆ. ಎರಡು ಹಾಕಿದರೆ ಡ್ಯುಯಲ್ ಚಾನೆಲ್ ಆಗಿ 25.6. ಅಂದರೆ ಜಾಗವೂ ಎರಡು ಪಟ್ಟು, ದಾರಿಯೂ ಎರಡು ಪಟ್ಟು. ನಮ್ಮೂರಿನ ಐಜಿ ರೋಡಿನ ಒಂದು ರಿಪೇರಿ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ 8 ಜಿಬಿ ಕಡ್ಡಿ 700ಕ್ಕೆ ಸಿಕ್ಕಿತು. ಹಳೇ ಡಿಡಿಆರ್3 ಯಾರಿಗೂ ಬೇಡ, ನಮಗೆ ಅದೇ ಬೇಕು. ಮನೆಗೆ ತಂದು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಎಚ್81ಕ್ಕೆ 16 ಜಿಬಿಯೇ ಗರಿಷ್ಠ, ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಇಷ್ಟಾದ ಮೇಲೆ ಹುಡುಗನನ್ನು ಕೂರಿಸಿ ಆಡಿಸಿದೆ. ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆಗೆದಿಟ್ಟೇ ಆಡೋದು ಅವನ ಅಭ್ಯಾಸ. ಮೊದಲು ರ‍್ಯಾಮ್ ತುಂಬಿ, ಉಳಿದದ್ದು ಆ ಸೋತ ಹಾರ್ಡ್‌ಡಿಸ್ಕಿಗೆ ಹೋಗುತ್ತಿತ್ತು. ಆ ಹೊತ್ತಿಗೇ ಆಟ ನಿಲ್ಲುತ್ತಿದ್ದದ್ದು. ಈಗ ಸರಾಸರಿ ಎಫ್‌ಪಿಎಸ್ ಹೆಚ್ಚೇನೂ ಏರಿರಲಿಲ್ಲ. ಆದರೆ ಗೆರೆ ಬಹುಮಟ್ಟಿಗೆ ಮಲಗಿತ್ತು. "ಮಾಮ, ಏನ್ ಮಾಡಿದೆ?" ಅಂದ. ಇದುವರೆಗೆ ಖರ್ಚಾದದ್ದು 4,450.

ಉಳಿದದ್ದು ಪ್ರೊಸೆಸರ್. ಐ5-4460ರಲ್ಲಿ ಕೋರ್ ನಾಲ್ಕು, ಥ್ರೆಡ್ಡೂ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲು) ನಾಲ್ಕೇ. ಈಗಿನ ಆಟಗಳು ನಾಲ್ಕನ್ನೂ ಪೂರ್ತಿ ತಿಂದು, ವಿಂಡೋಸ್‌ಗೆ ಏನೂ ಉಳಿಸೋದಿಲ್ಲ. ಹಿನ್ನೆಲೆಯಲ್ಲಿ ಏನಾದರೂ ಅಪ್‌ಡೇಟ್ ಶುರುವಾದರೆ ಮುಗೀತು. ಇದೇ ಸಾಕೆಟ್ಟಿಗೆ ಕೂರೋ ಐ7-4770ರಲ್ಲಿ ನಾಲ್ಕು ಕೋರಿಗೆ ಎಂಟು ಥ್ರೆಡ್. ಎರಡೂ 84 ವ್ಯಾಟ್‌ನವು, ಹಾಗಾಗಿ ಬೋರ್ಡಿಗೆ ಹೊಸ ಹೊರೆ ಇಲ್ಲ. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಎಸ್‌ಪಿ ರೋಡಿಗೆ ಇಳಿದೆ.

ಆ ಗಲ್ಲಿಗಳು ಇನ್ನೂ ಹಾಗೇ ಇವೆ. ಕಚೇರಿಗಳಿಂದ ಬಂದ ಹಳೇ ಪಿಸಿಗಳನ್ನು ಬಿಚ್ಚಿ ಗುಡ್ಡೆ ಹಾಕಿರುತ್ತಾರೆ. ಅಂಗಡಿಯವನು ಮೊದಲು ತೋರಿಸಿದ್ದು ಐ7-4790ಕೆ. "ಇದೇ ಟಾಪ್ ಮಾಡೆಲ್ ಸಾರ್." ನಿಜ, ಆದರೆ ಆ ಕೆ ಅಕ್ಷರಕ್ಕೆ ಕೊಡೋ ಹೆಚ್ಚಿನ ದುಡ್ಡು ಓವರ್‌ಕ್ಲಾಕ್ ಮಾಡೋರಿಗೆ, ಅಂದರೆ ನಿಗದಿಗಿಂತ ವೇಗವಾಗಿ ಓಡಿಸೋರಿಗೆ. ಎಚ್81 ಅದಕ್ಕೆ ಮಾಡಿದ ಬೋರ್ಡಲ್ಲ. ಸ್ವಲ್ಪ ಅಗ್ಗಕ್ಕೆ ಸಿಯಾನ್ ಇ3-1231 ವಿ3 ಕೂಡ ಇತ್ತು. ವೇಗದಲ್ಲಿ ಐ7ಗೆ ಸಮ. ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ನಾಳೆ ಕಾರ್ಡ್ ಕೆಟ್ಟರೆ ಪರದೆಯೇ ಕಪ್ಪು. 4770ನ್ನೇ 3,300ಕ್ಕೆ ಮಾತಾಡಿ, ಅಲ್ಲೇ ಅವರ ಬೋರ್ಡಿನಲ್ಲಿ ಹಾಕಿಸಿ ಸಿಪಿಯು-ಝಡ್‌ನಲ್ಲಿ ಹೆಸರು ನೋಡಿಯೇ ಜೇಬಿಗಿಟ್ಟೆ. ಈ ಸಾಕೆಟ್‌ನಲ್ಲಿ ಪಿನ್ನುಗಳು ಇರೋದು ಬೋರ್ಡಿನ ಕಡೆ. ಪ್ರೊಸೆಸರ್ ತರೋದು ಸುಲಭ, ಕೂರಿಸುವಾಗ ಮಾತ್ರ ಕೈ ಜಾರಬಾರದು. ಮೂಲೆಯ ತ್ರಿಕೋನ ನೋಡಿ ಇಳಿಸಿದರೆ ತಾನೇ ಕೂರುತ್ತದೆ, ಒತ್ತೋ ಕೆಲಸವೇ ಇಲ್ಲ.

ಒಂದು ಅದೃಷ್ಟದ ಮಾತು. ಇತ್ತೀಚಿನ ಕೆಲವು ಆಟಗಳು ಎವಿಎಕ್ಸ್2 ಅನ್ನೋ ಸೂಚನೆಗಳ ಗುಂಪು ಇಲ್ಲದ ಪ್ರೊಸೆಸರಿನಲ್ಲಿ ಓಡೋದಿಲ್ಲ. ಅದು ಶುರುವಾದದ್ದೇ ಈ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರುಗಳಿಂದ. ಮೂರನೇ ತಲೆಮಾರಿನ ಪಿಸಿ ಇದ್ದವರಿಗೆ ನಾನು ಇಷ್ಟೆಲ್ಲ ಖರ್ಚು ಮಾಡಿ ಅನ್ನೋದಿಲ್ಲ. ಎಸ್‌ಎಸ್‌ಡಿ ಹಾಕಿ ಸುಮ್ಮನಾಗಿ.

ಇನ್ನು ಹುಡುಗ ಕಾಯುತ್ತಿದ್ದ ಗ್ರಾಫಿಕ್ಸ್ ಕಾರ್ಡ್. 750 ಟಿಐನಲ್ಲಿ ಮೆಮೊರಿ 2 ಜಿಬಿ ಮಾತ್ರ, ಅದೂ ತುಂಬಿ ತುಳುಕುತ್ತಿತ್ತು. ಜೊತೆಗೆ ಆ ಕಾಲದ ಕಾರ್ಡುಗಳಿಗೆ ಆಟದ ಹೊಸ ಡ್ರೈವರ್ ಕೊಡೋದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಬದಲಾಯಿಸೋಕೆ ಈಗ ಕಾರಣ ಇತ್ತು.

ಊರಿನ ಒಂದು ಅಂಗಡಿಯಲ್ಲಿ, "ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ತಗೊಳ್ಳಿ ಸಾರ್, 2022ರ ಕಾರ್ಡು, ಹೊಸ ಟೆಕ್ನಾಲಜಿ" ಅಂದರು. ಕಾರ್ಡು ಕೆಟ್ಟದ್ದೇನಲ್ಲ. ನಮ್ಮ ಬೋರ್ಡಿಗೆ ಹೊಂದೋದಿಲ್ಲ, ಅಷ್ಟೇ. ಅದು ಸ್ಲಾಟಿನಲ್ಲಿ ಉದ್ದವಾಗಿ ಕೂತರೂ ಬೋರ್ಡಿನ ಜೊತೆ ಮಾತಾಡೋದು ನಾಲ್ಕೇ ಲೇನಿನಲ್ಲಿ, ಅಂದರೆ ಡೇಟಾ ಹಾಯೋ ದಾರಿಗಳಲ್ಲಿ. ಪಿಸಿಐಇ (ಕಾರ್ಡ್ ಸ್ಲಾಟಿನ ಮಾದರಿ) 4.0 ಇರೋ ಹೊಸ ಬೋರ್ಡಿನಲ್ಲಿ ನಾಲ್ಕು ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಎಚ್81ರ ಸ್ಲಾಟ್ ಪಿಸಿಐಇ 2.0, ಅದೇ ನಾಲ್ಕು ಲೇನಿಗೆ ಇಲ್ಲಿ 2 ಜಿಬಿ. 4 ಜಿಬಿ ಮೆಮೊರಿ ತುಂಬಿದ ಕೂಡಲೇ ಈ ಸಣ್ಣ ದಾರಿಯಲ್ಲಿ ಎಲ್ಲವೂ ಹಾಯಬೇಕು. ಇಷ್ಟು ದಿನ ಓಡಿಸಿದ ಅದೇ ತಡವರಿಕೆಯನ್ನು ದುಡ್ಡು ಕೊಟ್ಟು ವಾಪಸ್ ಕರೆದ ಹಾಗೆ. ಬೇಡ ಅಂದೆ.

ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಹುಡುಕಿದೆ. 2019ರ ಕಾರ್ಡ್, 4 ಜಿಬಿ, ಹದಿನಾರೂ ಲೇನ್ ಬಳಸುತ್ತದೆ. ಬಳಸೋದು 75 ವ್ಯಾಟ್, ಹಾಗಾಗಿ ಬೇರೆ ಪವರ್ ವೈರ್ ಇಲ್ಲದ ಮಾಡೆಲ್‌ಗಳೂ ಇವೆ. ಹಳೇ ಕಾರ್ಡ್ ಅಂದ ಕೂಡಲೇ ಎಲ್ಲರ ಭಯ ಮೈನಿಂಗ್, ಅಂದರೆ ಕ್ರಿಪ್ಟೋ ನಾಣ್ಯ ಗಳಿಸೋಕೆ ಹಗಲು ರಾತ್ರಿ ಓಡಿಸಿ ಸವೆಸಿದ ಕಾರ್ಡ್ ಇರಬಹುದು ಅಂತ. 2020ರ ಕೊನೆಗೇ ಈಥೀರಿಯಂ ಮೈನಿಂಗ್‌ಗೆ 4 ಜಿಬಿ ಸಾಲದಾಗಿತ್ತು, 2022ರ ಸೆಪ್ಟೆಂಬರಿನಲ್ಲಿ ಆ ಮೈನಿಂಗೇ ನಿಂತಿತು. ಹಾಗಾಗಿ 4 ಜಿಬಿ ಕಾರ್ಡಿನ ಬಗ್ಗೆ ಆ ಭಯ ಸ್ವಲ್ಪ ಕಡಿಮೆ. ದೊಡ್ಡ ಭಯ ನಕಲಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ತುಂಬಿ ಮಾರುತ್ತಾರೆ. ಜಿಪಿಯು-ಝಡ್ ತೆರೆದರೆ ಅಂಥದ್ದರ ಹೆಸರಿನ ಮುಂದೆಯೇ ಫೇಕ್ ಅಂತ ತೋರಿಸುತ್ತದೆ.

ಮಾರೋನು ಹಾಸನದ ಹುಡುಗ, ಕಾಲೇಜು ಮುಗಿಸಿ ಲ್ಯಾಪ್‌ಟಾಪ್ ತಗೊಂಡಿದ್ದ. "ಅಣ್ಣ, ನಿಮಗೆ ಎಷ್ಟು ಹೊತ್ತು ಬೇಕೋ ಟೆಸ್ಟ್ ಮಾಡ್ಕೊಳ್ಳಿ" ಅಂದ. ಅದೇ ಒಳ್ಳೇ ಲಕ್ಷಣ. ಅವನ ಮನೆಯಲ್ಲೇ, ಕಾರ್ಡಿಗೆ ಪೂರ್ತಿ ಹೊರೆ ಕೊಟ್ಟು ಪರೀಕ್ಷಿಸೋ ಫರ್‌ಮಾರ್ಕ್ ಓಡಿಸಿ ಕಾಫಿ ಕುಡಿಯೋವರೆಗೆ ಬಿಟ್ಟೆವು. ಬಿಸಿ ಒಂದು ಹಂತಕ್ಕೆ ಹೋಗಿ ನಿಂತಿತು, ಪರದೆಯಲ್ಲಿ ಚುಕ್ಕಿ ಗೆರೆ ಏನೂ ಬರಲಿಲ್ಲ, ಫ್ಯಾನಿನಲ್ಲಿ ಕಿರಕಿರ ಇಲ್ಲ. 5,800.

ಕಾರ್ಡಿಗೆ ಮುಂಚೆ ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡೋ ಪೆಟ್ಟಿಗೆ, ಬದಲಾಗಬೇಕಿತ್ತು. ಕ್ಯಾಬಿನೆಟ್ ಜೊತೆಗೇ ಬಂದದ್ದು ಅದು. ಮೇಲಿನ ಚೀಟಿಯಲ್ಲಿ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿದೆ. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯೋದು ಈ ಸಾಲಿನಿಂದಲೇ. ಲೆಕ್ಕಕ್ಕೆ ಸಾಲಬಹುದಿತ್ತು. ಆದರೆ ಹತ್ತು ವರ್ಷ ಮಳೆಗಾಲದ ಕರೆಂಟಿನ ಹೊಯ್ದಾಟ ಕಂಡ ಅಗ್ಗದ ಪೆಟ್ಟಿಗೆ ಸತ್ತರೆ ಒಂಟಿಯಾಗಿ ಸಾಯೋದಿಲ್ಲ. 80 ಪ್ಲಸ್ ಬ್ರಾಂಜ್ ಅನ್ನೋ ದಕ್ಷತೆಯ ಗುರುತು ಇರೋ 450 ವ್ಯಾಟ್‌ನದು 2,800ಕ್ಕೆ ಬಂತು.

ಅದನ್ನು ಹಾಕುವಾಗ ಇನ್ನೊಂದು ಹಳೇ ಸಮಸ್ಯೆ ಕೈಗೆ ತಾಗಿತು, ಅಕ್ಷರಶಃ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಎರಡೂ ತಂತಿಯಿಂದ ತಗಡಿನ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅದರ ಮೂಲಕ ಜಿನುಗಿದ್ದು ಅರ್ಥಿಂಗ್ ಇದ್ದರೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೂಲಕ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ. "ಹಳೇ ಮನೆಗಳಲ್ಲಿ ಎಲ್ಲಾ ಹಿಂಗೇ ಸಾರ್" ಅಂತ ಹೊಸ ತಂತಿ ಎಳೆದುಕೊಟ್ಟರು. ಅದನ್ನು ಮನೆ ಖರ್ಚಿಗೆ ಸೇರಿಸಿದೆ, ಪಿಸಿ ಲೆಕ್ಕಕ್ಕಲ್ಲ. ಅಮ್ಮ ಒಪ್ಪಿದರು.

ಸೆಟ್ಟಿಂಗ್‌ಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗೇಮ್ ಬೂಸ್ಟರ್ ಅನ್ನೋ ಹೆಸರಿನ ಯಾವ ಸಾಫ್ಟ್‌ವೇರನ್ನೂ ನಾನು ಹಾಕೋದಿಲ್ಲ, ಅವೇ ಹಿಂದೆ ಕೂತು ತಿನ್ನುತ್ತವೆ. ಸ್ಟಾರ್ಟಪ್‌ನಲ್ಲಿ ಬೇಡದ್ದನ್ನು ತೆಗೆದೆ. ಹಿನ್ನೆಲೆಯ ರೆಕಾರ್ಡಿಂಗ್ ಆಫ್ ಮಾಡಿದೆ. ನೆರಳುಗಳನ್ನು ಇಳಿಸಿ, ಟೆಕ್ಸ್ಚರ್ ಮಾತ್ರ ಮೇಲಿಟ್ಟೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ರಿವಾಟ್ಯೂನರಿನಲ್ಲಿ 60ಕ್ಕೆ ಮಿತಿ ಹಾಕಿದ್ದು. ಮಾನಿಟರ್ ತೋರಿಸಲಾಗದ ಚಿತ್ರಗಳಿಗಾಗಿ ಪ್ರೊಸೆಸರ್ ಬೆವರು ಸುರಿಸೋದು ತಪ್ಪಿತು, ಗೆರೆ ಇನ್ನಷ್ಟು ನೇರವಾಯಿತು. ಹುಡುಗನಿಗೆ ಮಾತ್ರ ಮೂಲೆಯಲ್ಲಿ 110 ಅಂತ ಕಾಣದೆ ಬೇಜಾರು. ಜಿಟಿಎ 5 ಈಗ 1080ಪಿಯಲ್ಲಿ ಹೈ ಸೆಟ್ಟಿಂಗಿನಲ್ಲಿ 60 ಬಿಟ್ಟು ಅಲ್ಲಾಡೋದಿಲ್ಲ. ಡೂಮ್: ದಿ ಡಾರ್ಕ್ ಏಜಸ್ ಥರದ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕೋ ತಂತ್ರ) ಇದ್ದರೇ ಶುರುವಾಗೋ ಆಟಗಳು ಈ ಕಾರ್ಡಿನಲ್ಲಿ ಇಲ್ಲ. ಅದು ಅವನಿಗೂ ಗೊತ್ತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಅಧಿಕೃತವಾಗಿ ಇದಕ್ಕೆ ಬರೋದಿಲ್ಲ. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಇರಬೇಕು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೆಟ್ಟಿಂಗ್ ಬ್ಯಾಕಪ್ ಮಾಡಿ, ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ದುಡ್ಡು ಕೊಡದೆ ಸೇರಿಕೊಂಡೆ. ಅದು 2026ರ ಅಕ್ಟೋಬರ್ 13ರವರೆಗೆ. ಅಷ್ಟರೊಳಗೆ ರೂಢಿಯಾಗಲಿ ಅಂತ ಎಸ್‌ಎಸ್‌ಡಿಯ ಒಂದು ಪಾಲಿನಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿಟ್ಟಿದ್ದೇನೆ. ಕೌಂಟರ್-ಸ್ಟ್ರೈಕ್ 2 ಅದರಲ್ಲಿ ಸಲೀಸಾಗಿ ಓಡುತ್ತದೆ. ವ್ಯಾಲರಂಟ್ ಓಡೋದಿಲ್ಲ, ಮೋಸದಾಟ ತಡೆಯೋ ಅದರ ಆಂಟಿ-ಚೀಟ್ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ. ಈ ವಿಷಯದಲ್ಲಿ ಮಾಮ-ಅಳಿಯನ ಮಾತುಕತೆ ಇನ್ನೂ ನಡೆದಿದೆ.

ಒಟ್ಟು ಖರ್ಚು 16,350. ಹಳೇ ಐ5 800ಕ್ಕೆ, 750 ಟಿಐ 1,700ಕ್ಕೆ ಹೋದವು. ಕೈಯಿಂದ ಹೋದದ್ದು 13,850. ಉಳಿದ 1,150ರಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದು ಕರೆಂಟ್ ಹೋದ ಕೂಡಲೇ ಕೈಕೊಡುತ್ತಿತ್ತು, ಮಳೆಗಾಲಕ್ಕೆ ಮುಂಚೆ ಅದೊಂದು ಆಗಲೇಬೇಕಿತ್ತು.